ಬಿಸಿ ಆರುವ ಮೊದಲು

ಕಡೂರು, ತರೀಕೆರೆ, ಅಜ್ಜಂಪುರದ ಶಾವಿಗೆಯನ್ನು ಎಲ್ಲಿ, ಯಾವಾಗ, ಯಾವುದರ ಜೊತೆ ತಿನ್ನಬೇಕು?

ಕಡೂರು ಬಸ್ ನಿಲ್ದಾಣದ ಎದುರು ನಿಂತು ‘ಇಲ್ಲಿ ಒಳ್ಳೇ ನೂಡಲ್ಸ್ ಎಲ್ಲಿ ಸಿಗುತ್ತೆ’ ಎಂದು ಕೇಳಿದರೆ ಯಾರಾದರೂ ತಳ್ಳುಗಾಡಿ ತೋರಿಸುತ್ತಾರೆ. ‘ಒತ್ತು ಶಾವಿಗೆ ಎಲ್ಲಿ ಸಿಗುತ್ತೆ’ ಎಂದು ಕೇಳಿ ನೋಡಿ. ಮೊದಲು ಒಂದು ನಗು ಬರುತ್ತದೆ. ‘ಅದು ಹೋಟ್ಲು ತಿಂಡಿ ಅಲ್ಲ ಸಾರ್, ಮನೇಲಿ ಒತ್ತಿಸ್ಕೊಂಡು ತಿನ್ಬೇಕು’ ಎಂಬ ಉತ್ತರದ ಹಿಂದೆಯೇ ಅತ್ತೆ ಮನೆ, ಅಕ್ಕನ ಮನೆ, ಯುಗಾದಿ, ಕಾಯಿಹಾಲು ಎಂದು ಮಾತು ಬೆಳೆಯುತ್ತದೆ. ಅಂಗಡಿಯ ವಿಳಾಸ ಮಾತ್ರ ಸಿಗುವುದಿಲ್ಲ.

ಅಕ್ಕಿಯ ಈ ಬಿಳಿ ಎಳೆಯೇ ಈ ಸೀಮೆಯ ಅಸಲಿ ನೂಡಲ್ಸ್. ಇಡ್ಲಿ, ದೋಸೆ, ಚಿತ್ರಾನ್ನ, ಪುಳಿಯೋಗರೆ ಹೋಟೆಲಿನ ಬೋರ್ಡಿಗೆ ಹತ್ತಿ ಎಷ್ಟೋ ಕಾಲವಾಯಿತು. ಹೊಲದ ಕೆಲಸದವರ ಊಟವಾಗಿದ್ದ ರಾಗಿಮುದ್ದೆ ಹೆದ್ದಾರಿ ಬದಿಯ ಮೆಸ್ಸುಗಳಲ್ಲಿ ಈಗ ಗತ್ತಿನ ಊಟ. ಒತ್ತು ಶಾವಿಗೆ ಮಾತ್ರ ಆ ಬೋರ್ಡಿಗೆ ಬರಲಿಲ್ಲ. ಏಕೆಂದು ಕೇಳಿದರೆ ಎಲ್ಲರದ್ದೂ ಒಂದೇ ಮಾತು: ‘ಬಹಳ ಕೆಲಸ.’ ನನಗೆ ಈ ಉತ್ತರ ಸಾಲದು. ಹೋಳಿಗೆಯೂ ಬಹಳ ಕೆಲಸವೇ, ಆದರೂ ಹೋಳಿಗೆ ಮಾಡಿ ಮಾರುವ ಅಂಗಡಿ ಸಣ್ಣ ಊರುಗಳಲ್ಲೂ ಇದೆ. ಕೆಲಸ ಎಷ್ಟು ಎನ್ನುವುದಕ್ಕಿಂತ ಅದು ಯಾವ ಹೊತ್ತಿನಲ್ಲಿ ಮೈಮೇಲೆ ಬೀಳುತ್ತದೆ ಎನ್ನುವುದನ್ನು ನೋಡಬೇಕು. ಅದಕ್ಕೆ ಅಡುಗೆಮನೆಗೇ ಹೋಗಬೇಕು. ಹೋಗುವ ಮುನ್ನ ಈ ಮೂರು ಊರುಗಳ ನೆಲ ಎಂಥದ್ದು ಎಂಬುದನ್ನು ಸ್ವಲ್ಪ ನೋಡಿಕೊಳ್ಳೋಣ.

ಹಳಿ ಕವಲೊಡೆಯುವ ಕಡೆ

ಬೆಂಗಳೂರಿನಿಂದ ಗುಬ್ಬಿಯವರೆಗೆ ಬಂದಿದ್ದ ರೈಲುಹಳಿ 1889ರ ಹೊತ್ತಿಗೆ ಹರಿಹರ ಮುಟ್ಟಿತು. ಹತ್ತು ವರ್ಷದ ನಂತರ, 1899ರಲ್ಲಿ, ಬೀರೂರಿನಿಂದ ಶಿವಮೊಗ್ಗಕ್ಕೆ ಇನ್ನೊಂದು ಕವಲು ಹೊರಟಿತು. ಇವತ್ತಿಗೂ ಕಡೂರು ದಾಟಿದ ರೈಲು ಬೀರೂರಿನಲ್ಲಿ ನಿಂತು ಎರಡು ದಾರಿ ಹಿಡಿಯುತ್ತದೆ. ಎಡಗಡೆಯ ದಾರಿ ತರೀಕೆರೆ, ಭದ್ರಾವತಿ, ಶಿವಮೊಗ್ಗ ಎಂದು ಮಲೆನಾಡಿನ ಕಡೆಗೆ. ಇನ್ನೊಂದು ಅಜ್ಜಂಪುರ, ಹೊಸದುರ್ಗ ರೋಡ್, ಚಿಕ್ಕಜಾಜೂರು ಎಂದು ಬಯಲಿಗೆ. ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಹೋಗಲು 2013ರ ನವೆಂಬರ್‌ವರೆಗೆ ಕಾಯಬೇಕಾಯಿತು.

ಈ ಕವಲಿನ ಎರಡೂ ಬದಿಯಲ್ಲಿ ತಟ್ಟೆಯೂ ಬೇರೆಯಾಗುತ್ತದೆ. ತರೀಕೆರೆ ಕಡೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆ, ಅಡಿಕೆ ತೋಟ, ಗದ್ದೆ. ಅಲ್ಲಿ ಶಾವಿಗೆ ಎಂದರೆ ಅಕ್ಕಿಯದ್ದು, ಬಿಸಿಬಿಸಿ ಒತ್ತಿದ್ದು. ಕಡೂರಿನಲ್ಲಿ ಮಳೆ ಕಡಿಮೆ. ತಿಪಟೂರು, ಅರಸೀಕೆರೆಯಿಂದ ಹಬ್ಬಿ ಬಂದ ತೆಂಗಿನ ಸೀಮೆ ಅದು, ಹೊಲದಲ್ಲಿ ರಾಗಿ. ಅಲ್ಲಿ ಅಕ್ಕಿ ಶಾವಿಗೆಯ ಜೊತೆಗೆ ರಾಗಿ ಶಾವಿಗೆಯೂ ನಡೆಯುತ್ತದೆ. ಎರಡಕ್ಕೂ ಕಾಯಿಯ ಬರವಿಲ್ಲ. ಸಖರಾಯಪಟ್ಟಣದ ಹತ್ತಿರ ಅಯ್ಯನಕೆರೆಯ ನೀರು ಹರಿಯುವ ಕಡೆಗೆ ಬಂದರೆ ಕಡೂರು ತಾಲ್ಲೂಕಿನಲ್ಲೇ ಮತ್ತೆ ಗದ್ದೆ ಕಾಣುತ್ತದೆ. ಅಜ್ಜಂಪುರ ಈರುಳ್ಳಿಯ ಊರು. ತರೀಕೆರೆ ತಾಲ್ಲೂಕಿಗೆ ಸೇರಿದ್ದ ಈ ಊರಿಗೆ 2017ರ ಬಜೆಟ್‌ನಲ್ಲಿ ತಾಲ್ಲೂಕಿನ ಪಟ್ಟ ಘೋಷಣೆಯಾಯಿತು. ಮಾತಿನಲ್ಲೂ ಅಡುಗೆಯಲ್ಲೂ ಅದು ಮೊದಲಿನಿಂದ ಹೊಸದುರ್ಗ, ಚನ್ನಗಿರಿ ಕಡೆಗೇ ವಾಲಿಕೊಂಡಿದೆ. ಅಲ್ಲಿ ಗೋಧಿಯ ಒಣ ಶಾವಿಗೆಗೆ ಮರ್ಯಾದೆ ಹೆಚ್ಚು. ಒಂದು ಜಿಲ್ಲೆ, ಅಕ್ಕಪಕ್ಕದ ತಾಲ್ಲೂಕು, ಆದರೂ ಮೂರು ಧಾನ್ಯದ ಎಳೆ.

ಹಲಸಿನ ಮರದ ಒರಳು

ತರೀಕೆರೆಯಿಂದ ಲಿಂಗದಹಳ್ಳಿ ಕಡೆ ಹೋಗುವ ರಸ್ತೆಯಲ್ಲಿ ಅಡಿಕೆ ತೋಟದೊಳಗಿನ ಒಂದು ಮನೆ. ಅಕ್ಕಿಯನ್ನು ಹಿಂದಿನ ರಾತ್ರಿಯೇ ನೆನೆಹಾಕಿದ್ದರು. ಹಳೇ ಅಕ್ಕಿಯೇ ಆಗಬೇಕು ಎಂಬುದು ಈ ಕೆಲಸದ ಮೊದಲ ನೇಮ. ಹೊಸ ಅಕ್ಕಿ ಜಿಗುಟಾಗಿ, ಒತ್ತಿದ ಎಳೆಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಬೆಳಿಗ್ಗೆ ಅದನ್ನು ಬೆರಳಿಗೆ ತರಿ ಸಿಗದಷ್ಟು ನುಣ್ಣಗೆ ರುಬ್ಬಿ, ಉಪ್ಪು ಹಾಕಿ, ಒಂದು ಚಮಚ ಎಣ್ಣೆ ಬಿಟ್ಟು ದಪ್ಪ ತಳದ ಪಾತ್ರೆಯಲ್ಲಿ ಒಲೆಗಿಟ್ಟರು. ಆಮೇಲಿನದ್ದು ಮುದ್ದೆಕೋಲಿನ ಕೆಲಸ. ತೆಳ್ಳಗಿದ್ದ ಹಿಟ್ಟು ಮಗುಚಿದಂತೆಲ್ಲ ಗಟ್ಟಿಯಾಗುತ್ತಾ ಬಂದು ಪಾತ್ರೆಯ ತಳ ಬಿಟ್ಟಿತು. ಕೈಗೆ ತಣ್ಣೀರು ಹಚ್ಚಿಕೊಂಡು, ಸುಡುವಾಗಲೇ ಅದನ್ನು ಉದ್ದುದ್ದ ಉಂಡೆ ಕಟ್ಟಿ ಕುದಿಯುವ ನೀರಿಗೆ ಬಿಟ್ಟರು. ಮುಳುಗಿದ ಉಂಡೆ ತೇಲಿಕೊಂಡು ಮೇಲೆ ಬಂದರೆ ಬೆಂದಿದೆ ಎಂದು ಲೆಕ್ಕ. ಕೆಲವು ಮನೆಗಳಲ್ಲಿ ನೀರಿಗೆ ಹಾಕದೆ ಹಬೆಯಲ್ಲಿ ಬೇಯಿಸುತ್ತಾರೆ. ಎರಡರಲ್ಲಿ ಯಾವುದು ಮೇಲು ಎಂಬ ಬಗ್ಗೆ ಓರಗಿತ್ತಿಯರ ನಡುವೆ ಇವತ್ತಿಗೂ ರಾಜಿ ಇಲ್ಲ.

ಒರಳು ಜಗಲಿಯ ಮೇಲಿತ್ತು. ಹಲಸಿನ ಮರದ ಎರಡು ದಿಮ್ಮಿ. ಕೆಳಗಿನ ದಿಮ್ಮಿಗೆ ಕಾಲುಗಳಿವೆ, ನಡುವೆ ಗುಂಡನೆಯ ತೂತು, ಆ ತೂತಿನ ತಳದಲ್ಲಿ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳ ಹಿತ್ತಾಳೆ ಬಿಲ್ಲೆ. ಮೇಲಿನ ದಿಮ್ಮಿಯಿಂದ ಆ ತೂತಿಗೆ ಸರಿಯಾಗಿ ಇಳಿಯುವ ಮರದ ಗೂಟ. ಎರಡೂ ದಿಮ್ಮಿ ಒಂದು ತುದಿಯಲ್ಲಿ ಕೀಲಿನಿಂದ ಸೇರಿಕೊಂಡಿವೆ. ಇನ್ನೊಂದು ತುದಿ ಉದ್ದಕ್ಕೆ ಚಾಚಿಕೊಂಡಿದೆ. ಅದರ ಮೇಲೆ ಮನುಷ್ಯ ಬೀಳಬೇಕು.

‘ಬೇಗ ಬಾರೋ, ಆರೋಗತ್ತೆ’ ಎಂದು ಅಜ್ಜಿ ಒಳಗಿನಿಂದ ಕೂಗಿದರು. ಕಾಲೇಜಿಗೆ ಹೋಗುವ ಮೊಮ್ಮಗ ಮೊಬೈಲನ್ನು ಜೇಬಿಗಿಟ್ಟುಕೊಂಡು ಬಂದ. ಉಂಡೆ ತೂತಿಗೆ ಬಿತ್ತು, ಗೂಟ ಇಳಿಯಿತು, ಹುಡುಗ ಎರಡೂ ಕೈಯಲ್ಲಿ ಅದುಮಿದ. ಏನೂ ಬರಲಿಲ್ಲ.

‘ಬರೀ ಕೈಲಿ ಆಗಲ್ಲ ಕಣೋ, ಮೈಭಾರ ಬಿಡು.’

‘ಮುರ್ದೋಗತ್ತೆ ಅಜ್ಜಿ.’

‘ನಿಮ್ಮ ತಾತನ ಭಾರ ತಡ್ಕೊಂಡಿದೆ, ನಿಂದೇನು ಮಹಾ!’

ಹುಡುಗ ಕಾಲು ನೆಲದಿಂದ ಎತ್ತಿ ಜೋತುಬಿದ್ದ. ಒರಳು ಒಮ್ಮೆ ಕಿರ್ರೆಂದಿತು. ಬಿಲ್ಲೆಯ ಕೆಳಗೆ ಬಿಳಿ ಎಳೆಗಳು ಹೊಗೆಯಾಡುತ್ತಾ ಇಳಿದವು. ಕೆಳಗೆ ಕುಕ್ಕರುಗಾಲಲ್ಲಿ ಕೂತ ಸೊಸೆ ಎಣ್ಣೆ ಸವರಿದ ಬಾಳೆಎಲೆಯ ತುಂಡನ್ನು ತಟ್ಟೆಯ ಮೇಲಿಟ್ಟು ನಿಧಾನಕ್ಕೆ ತಿರುಗಿಸುತ್ತಿದ್ದರು. ತಿರುಗಿಸುವ ವೇಗ ತಪ್ಪಿದರೆ ಎಳೆ ಒಂದರ ಮೇಲೊಂದು ಗುಡ್ಡೆಯಾಗುತ್ತದೆ, ಸರಿಯಿದ್ದರೆ ಸುರುಳಿ ಸುರುಳಿಯಾಗಿ ಹರಡಿಕೊಳ್ಳುತ್ತದೆ. ಕೊನೆಗೆ ಬಿಲ್ಲೆಯ ಅಡಿಗೆ ಒದ್ದೆ ಬೆರಳನ್ನು ಒಮ್ಮೆ ಎಳೆದು ಎಳೆ ಕತ್ತರಿಸಿದರು. ಮುಂದಿನ ಉಂಡೆ, ಮತ್ತೆ ಜೋತುಬೀಳು.

ಇಷ್ಟು ಅವಸರ ಯಾಕೆಂದರೆ ಅಕ್ಕಿಯ ಗುಣ ಹಾಗೆ. ಗೋಧಿಯಲ್ಲಿ ಗ್ಲೂಟೆನ್ ಎಂಬ ಜಿಗುಟು ಇದೆ, ಹಿಟ್ಟು ಹಸಿಯಾಗಿದ್ದಾಗಲೇ ಅದು ಎಳೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಕ್ಕಿಗೆ ಆ ಭಾಗ್ಯ ಇಲ್ಲ. ಅಕ್ಕಿಯ ಎಳೆ ನಿಲ್ಲುವುದು ಬೆಂದ ಪಿಷ್ಟದ ಬಲದಿಂದ. ಬಿಸಿ ಇರುವಷ್ಟು ಹೊತ್ತು ಆ ಪಿಷ್ಟ ಮೆತ್ತಗಿದ್ದು ರಂಧ್ರದಿಂದ ಜಾರುತ್ತದೆ. ತಣಿಯುತ್ತಿದ್ದಂತೆ ಮತ್ತೆ ಬಿಗಿದುಕೊಂಡು ಗಟ್ಟಿಯಾಗುತ್ತದೆ. ರಾತ್ರಿ ಮಿಕ್ಕ ಅನ್ನ ಬೆಳಿಗ್ಗೆ ಬಿರುಸಾಗುವುದೂ ಇದೇ ಕಾರಣಕ್ಕೆ. ಆರಿದ ಉಂಡೆಯನ್ನು ಒರಳಿಗೆ ಹಾಕಿದರೆ ತಾತನ ಭಾರವೂ ಸಾಲದು. ಒತ್ತಿದ ಮೇಲೂ ಅಷ್ಟೆ, ಮೊದಲ ಅರ್ಧ ಗಂಟೆಯ ಮೃದುತನ ಮಧ್ಯಾಹ್ನಕ್ಕೆ ಇರುವುದಿಲ್ಲ. ಫ್ರಿಜ್ಜಿಗಿಟ್ಟರಂತೂ ಮುಗಿದೇ ಹೋಯಿತು.

ಬಿದಿರುಗಳದ ಮೇಲೆ ಕೂತವರು

ಮೈಭಾರ ಬಿಟ್ಟು ಎಳೆ ಮಾಡುವವರು ನಮ್ಮವರಷ್ಟೇ ಅಲ್ಲ. ದಕ್ಷಿಣ ಚೀನಾದ ಗುವಾಂಗ್‌ಝೌ ನಗರದಲ್ಲಿ, ಅಲ್ಲಿಂದ ಕಲಿತ ಹಾಂಗ್‌ಕಾಂಗ್‌ನಲ್ಲಿ, ವೊಂಟನ್ ನೂಡಲ್ಸ್ ಎಂಬ ಕಾಂಟನೀಸ್ ತಿನಿಸು ಇದೆ. ಅದರ ಹಳೇ ಪದ್ಧತಿಯ ಅಂಗಡಿಗಳಲ್ಲಿ ದಪ್ಪ ಬಿದಿರುಗಳದ ಒಂದು ತುದಿಯನ್ನು ಗೋಡೆಯ ಕಡೆ ಸಿಕ್ಕಿಸಿ, ಇನ್ನೊಂದು ತುದಿಯ ಮೇಲೆ ಅಡುಗೆಯವನು ಕೂತು ಕುಪ್ಪಳಿಸುತ್ತಾ ಹಿಟ್ಟು ನಾದುತ್ತಾನೆ. ಗೋಧಿಹಿಟ್ಟು, ಬಾತುಕೋಳಿ ಮೊಟ್ಟೆ, ಸ್ವಲ್ಪ ಕ್ಷಾರದ ನೀರು. ಆ ಕ್ಷಾರ ಎಳೆಗೆ ಹಳದಿ ಬಣ್ಣವನ್ನೂ ಕಚ್ಚಿದರೆ ಪುಟಿಯುವ ಬಿಗಿಯನ್ನೂ ಕೊಡುತ್ತದೆ. ಬಟ್ಟಲಿನ ತಳದಲ್ಲಿ ಸಿಗಡಿ ತುಂಬಿದ ವೊಂಟನ್ ಕಡುಬು, ಅದರ ಮೇಲೆ ನೂಡಲ್ಸ್, ಒಣಮೀನು ಹಾಕಿ ಕುದಿಸಿದ ತಿಳಿಸಾರು. ಎಳೆ ಸಾರಿನಲ್ಲಿ ನೆನೆದು ಮೆತ್ತಗಾಗಬಾರದೆಂದೇ ಅದನ್ನು ಮೇಲಿಡುವುದು. ಬಟ್ಟಲೂ ಸಣ್ಣದು, ನಾಲ್ಕು ತುತ್ತಿಗೆ ಮುಗಿಯಲಿ ಎಂದು. ಅಲ್ಲೂ ಗಡಿಯಾರವೇ ಯಜಮಾನ.

ಹಾಗಿದ್ದೂ ಅದು ಬೀದಿಗೆ ಬಂತು, ಅಂಗಡಿಯಾಯಿತು, ಹಾಂಗ್‌ಕಾಂಗ್‌ನ ಗುರುತೇ ಆಯಿತು. ಒತ್ತು ಶಾವಿಗೆ ಜಗಲಿ ಇಳಿಯಲಿಲ್ಲ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ ಕೆಲಸದ ಸರದಿ ಉಲ್ಟಾ ಇರುವುದು ಕಾಣುತ್ತದೆ. ಕಾಂಟನೀಸ್ ಅಡುಗೆಯವನ ಬೆವರು ಬೆಳಿಗ್ಗೆಯೇ ಇಳಿದಿರುತ್ತದೆ. ನಾದಿ, ಲಟ್ಟಿಸಿ, ಕತ್ತರಿಸಿಟ್ಟ ಹಸಿ ನೂಡಲ್ಸ್ ಗಿರಾಕಿಗಾಗಿ ಕಾಯಬಲ್ಲದು. ಗಿರಾಕಿ ಕೂತ ಮೇಲೆ ಅದನ್ನು ಕುದಿನೀರಿನಲ್ಲಿ ಒಂದಿಷ್ಟು ಸೆಕೆಂಡು ಅದ್ದಿ ತೆಗೆದರೆ ಮುಗಿಯಿತು. ನಮ್ಮ ಅಜ್ಜಿಯ ಮನೆಯಲ್ಲಿ ಬೇಯಿಸುವುದು ಮೊದಲು, ಒತ್ತುವುದು ಕೊನೆಗೆ. ಮೈ ಮುರಿಯುವ ಕೆಲಸ ಶುರುವಾಗುವುದೇ ನೆಂಟರು ಎಲೆಯ ಮುಂದೆ ಕೂತ ಮೇಲೆ. ಹಬ್ಬದ ದಿನ ಹತ್ತು ಜನ ಒಟ್ಟಿಗೆ ಕೂತರೆ ಇದು ಚೆಂದ. ಹೋಟೆಲಿನಲ್ಲಿ ಹತ್ತು ಜನ ಹತ್ತು ಹೊತ್ತಿನಲ್ಲಿ ಬರುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಉಂಡೆಯನ್ನು ಬಿಸಿನೀರಲ್ಲಿ ಕಾಯಿಸುತ್ತಾ, ಒಬ್ಬ ಆಳನ್ನು ಒರಳಿಗೆ ಜೋತುಬಿಟ್ಟು ಯಾವ ಹೋಟೆಲಿನವರು ಅಂಗಡಿ ನಡೆಸುತ್ತಾರೆ?

ಮದುವೆಮನೆ ಅಡುಗೆಯವರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಇವತ್ತು ಪಾತ್ರೆ ಅಂಗಡಿಗಳಲ್ಲಿ ಸಿಗುವ, ಮೇಲೆ ಹಿಡಿ ತಿರುಗಿಸಿದರೆ ಕೆಳಗೆ ಎಳೆ ಇಳಿಯುವ ಮೂರು ಕಾಲಿನ ಕಬ್ಬಿಣದ ಒರಳು ಒಬ್ಬರಿಂದಲೇ ನಡೆಯುತ್ತದೆ. ಮರದ ಒರಳಿನವರು ಇದನ್ನು ಲಘುವಾಗಿ ನೋಡುವುದುಂಟು. ಎಳೆಯ ರುಚಿಯಲ್ಲಿ ನನಗೇನೂ ವ್ಯತ್ಯಾಸ ಕಂಡಿಲ್ಲ. ಮನೆಯಲ್ಲಿ ಜೋತುಬೀಳುವ ಹುಡುಗರು ಬೆಂಗಳೂರು ಸೇರಿರುವಾಗ ಅಜ್ಜಿ ಒಬ್ಬರೇ ತಿರುಗಿಸಬಹುದಾದ ಯಂತ್ರ ಬಂದದ್ದು ಶಾವಿಗೆಯ ಪುಣ್ಯ.

ಕಾಯಿಹಾಲೋ, ಕೋಳಿಸಾರೋ

ಶಾವಿಗೆಗೆ ತನ್ನದೇ ರುಚಿ ಅಂತ ಹೆಚ್ಚಿಲ್ಲ. ಹಾಗಾಗಿ ಜೊತೆಗೆ ಏನು ಎನ್ನುವುದರಲ್ಲೇ ಪಕ್ಷಗಳಿವೆ. ದೊಡ್ಡ ಪಕ್ಷ ಕಾಯಿಹಾಲಿನದ್ದು. ಬಲಿತ ಕಾಯಿ ತುರಿದು, ರುಬ್ಬಿ, ತೆಳುಬಟ್ಟೆಯಲ್ಲಿ ಹಿಂಡಿದ ಮೊದಲ ಹಾಲನ್ನು ಬೇರೆ ಇಡುತ್ತಾರೆ. ಎರಡನೇ ಸಲ ಹಿಂಡಿದ ತೆಳು ಹಾಲಿನಲ್ಲಿ ಬೆಲ್ಲ ಕರಗಿಸಿ, ಸೋಸಿ, ಏಲಕ್ಕಿ ಹಾಕಿ, ಕೊನೆಗೆ ಗಟ್ಟಿ ಹಾಲು ಬೆರೆಸುತ್ತಾರೆ. ಗಟ್ಟಿ ಹಾಲು ಬಿದ್ದ ಮೇಲೆ ಕುದಿಸಬಾರದು, ಒಡೆದುಹೋಗುತ್ತದೆ. ಕೆಲವರು ಗಸಗಸೆಯನ್ನೂ ಸೇರಿಸಿ ರುಬ್ಬುತ್ತಾರೆ. ಊಟದ ನಂತರ ಕಣ್ಣು ತಾನಾಗಿ ಮುಚ್ಚಿಕೊಳ್ಳುವುದಕ್ಕೆ ಅದೂ ಒಂದು ಕಾರಣ. ತೆಂಗಿನ ಸೀಮೆಯಾದ ಕಡೂರಿನ ಕಡೆ ಈ ಹಾಲು ನಿಜಕ್ಕೂ ಗಟ್ಟಿ, ಎಳೆಗೆ ಅಂಟಿಕೊಂಡು ಬರುತ್ತದೆ. ಜೊತೆಗೆ ಹುರಿದ ಎಳ್ಳು ಬೆಲ್ಲ ಕುಟ್ಟಿದ ಪುಡಿ. ಬಿಸಿ ಶಾವಿಗೆಗೆ ಎಳ್ಳುಪುಡಿ ಉದುರಿಸಿ, ತುಪ್ಪ ಬಿಟ್ಟು, ಆಮೇಲೆ ಕಾಯಿಹಾಲು ಸುರಿಯಬೇಕು. ನಡುನಡುವೆ ಉಪ್ಪಿನಕಾಯಿ ನೆಕ್ಕಿಕೊಳ್ಳುವುದು ಇಲ್ಲಿನ ಶಿಷ್ಟಾಚಾರದೊಳಗೇ ಬರುತ್ತದೆ, ಯಾರೂ ಹುಬ್ಬೇರಿಸುವುದಿಲ್ಲ.

ಎರಡನೇ ಪಕ್ಷ ಖಾರದ್ದು. ಅವರೆಕಾಯಿಯ ಕಾಲದಲ್ಲಿ, ಅಂದರೆ ಡಿಸೆಂಬರ್ ಜನವರಿಯ ಚಳಿಯಲ್ಲಿ, ಹಿತುಕಿದ ಬೇಳೆ ಸಾರಿನ ಜೊತೆ ಒತ್ತು ಶಾವಿಗೆ ತಿಂದವರು ಕಾಯಿಹಾಲಿನ ಮಾತನ್ನು ಸ್ವಲ್ಪ ಕಾಲ ಎತ್ತುವುದಿಲ್ಲ. ಮಾಂಸಾಹಾರಿ ಮನೆಗಳಲ್ಲಿ ನಾಟಿಕೋಳಿ ಸಾರು. ಎಳೆಗಳ ನಡುವೆ ಸಾರು ನಿಂತುಕೊಳ್ಳುವುದರಿಂದ ಮುದ್ದೆಗಿಂತ ಇದಕ್ಕೆ ಸಾರು ಹೆಚ್ಚು ಬೇಕಾಗುತ್ತದೆ, ಧಾರಾಳವಾಗಿ ಬಡಿಸುವ ಮನೆಗೇ ಹೋಗಿ. ಮಿಕ್ಕಿದ್ದಕ್ಕೆ ಮರುದಿನ ಸಾಸಿವೆ, ಕಡ್ಲೆಬೇಳೆ, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಟ್ಟು ನಿಂಬೆಹಣ್ಣು ಹಿಂಡುತ್ತಾರೆ. ಬಿರುಸಾದ ಎಳೆ ಒಗ್ಗರಣೆಯ ಬಿಸಿಗೆ ಮತ್ತೆ ಸಡಿಲಾಗುತ್ತದೆ. ನನ್ನ ಓಟು ಯಾವುದಕ್ಕೆ ಎಂದು ಕೇಳಿದರೆ ಮೊದಲ ಬಡಿಸಾಟ ಕಾಯಿಹಾಲಿಗೆ, ಎರಡನೆಯದು ಹಿತುಕಿದ ಬೇಳೆಗೆ. ರಾಗಿ ಶಾವಿಗೆ ಆದರೆ ಮಾತ್ರ ಖಾರದ ಕಡೆ ಹೋಗುವುದಿಲ್ಲ. ಅದಕ್ಕೆ ಬೆಲ್ಲ, ಕಾಯಿತುರಿ, ತುಪ್ಪ ಬಿಟ್ಟರೆ ಬೇರೇನೂ ಹೊಂದುವುದಿಲ್ಲ ಎಂಬುದು ನನ್ನ ಹಟ.

ಅಜ್ಜಂಪುರದ ಬಿಸಿಲು

ಅಜ್ಜಂಪುರದ ಕಡೆ ಕಥೆ ಬೇರೆ. ಅಲ್ಲಿ ಶಾವಿಗೆಗೆ ಬೇಕಾದ್ದು ಬಿಸಿ ಒಲೆಗಿಂತ ಬಿಸಿ ಆಕಾಶ. ಮಾರ್ಚ್ ಏಪ್ರಿಲ್‌ನಲ್ಲಿ, ಹೊಲದ ಕೆಲಸ ಮುಗಿದು ಹಪ್ಪಳ ಸಂಡಿಗೆಯ ಸರದಿ ಬಂದಾಗ, ಗೋಧಿ ಹಿಟ್ಟನ್ನೋ ಚಿರೋಟಿ ರವೆಯನ್ನೋ ಗಟ್ಟಿಯಾಗಿ ಕಲಸಿ ಒದ್ದೆಬಟ್ಟೆ ಮುಚ್ಚಿಡುತ್ತಾರೆ. ಬೆಂಚಿನ ಅಂಚಿಗೆ ಬಿಗಿದ ಕೈಮಿಷನ್ನಿನ ಬಾಯಿಗೆ ಒಬ್ಬರು ಹಿಟ್ಟು ತುರುಕುತ್ತಾರೆ, ಒಬ್ಬರು ಹಿಡಿ ತಿರುಗಿಸುತ್ತಾರೆ, ಇನ್ನೊಬ್ಬರು ಇಳಿದ ಎಳೆಗಳನ್ನು ಕೋಲಿನ ಮೇಲೆ ಎತ್ತಿಕೊಂಡು ಹೋಗಿ ಬಿಸಿಲಿಗೆ ತೂಗುಹಾಕುತ್ತಾರೆ. ಈಗ ಕರೆಂಟಿನ ಮಿಷನ್ ಇಟ್ಟುಕೊಂಡವರ ಹತ್ತಿರ ರವೆ ಕೊಟ್ಟು ಒತ್ತಿಸಿಕೊಂಡು ಬರುವವರೇ ಹೆಚ್ಚು. ಮೂರು ಹೆಂಗಸರು ಕೂತು ಒಂದು ಮನೆಯದ್ದು ಮುಗಿಸಿ ಮರುದಿನ ಇನ್ನೊಂದು ಮನೆಗೆ ಹೋಗುವ ಮುಯ್ಯಾಳಿನ ಲೆಕ್ಕ ಅಲ್ಲಲ್ಲಿ ಉಳಿದಿದೆ. ಆ ಹೊತ್ತಿನ ಮಾತುಕತೆಯಲ್ಲಿ ಊರಿನ ಅರ್ಧ ಸಂಬಂಧಗಳು ಕುದುರುತ್ತವೆ, ಇನ್ನರ್ಧ ಮುರಿಯುತ್ತವೆ.

ಒಣಗಿದ ಶಾವಿಗೆಯನ್ನು ಡಬ್ಬಿಗೆ ತುಂಬಿದರೆ ಮುಂದಿನ ಬೇಸಿಗೆಯವರೆಗೆ ಚಿಂತೆಯಿಲ್ಲ. ಇದ್ದಕ್ಕಿದ್ದಂತೆ ನೆಂಟರು ಬಂದರೆ ಕುದಿನೀರಿಗೆ ಹಾಕಿ, ಎರಡು ಮೂರು ನಿಮಿಷಕ್ಕೆ ಬಸಿದು, ಬೆಲ್ಲದ ಪುಡಿ ಉದುರಿಸಿ, ಬಿಸಿ ಹಾಲು ತುಪ್ಪ ಬಿಟ್ಟು ಕೊಡುತ್ತಾರೆ. ತುಪ್ಪದ ವಿಷಯದಲ್ಲಿ ಅಜ್ಜಂಪುರದವರಿಗೆ ಸ್ವಲ್ಪ ಅಭಿಮಾನ ಇದ್ದರೆ ತಪ್ಪಿಲ್ಲ. ಅಮೃತಮಹಲ್ ತಳಿಯ ಸಂವರ್ಧನಾ ಕೇಂದ್ರ ಇರುವುದು ಇಲ್ಲೇ. ಮೈಸೂರು ಅರಸರ ಕಾಲದಲ್ಲಿ ಆ ಹಸುಗಳ ಇಲಾಖೆಗೆ ಬೆಣ್ಣೆ ಚಾವಡಿ ಎಂದು ಹೆಸರು, ಅಮೃತಮಹಲ್ ಎಂಬ ಹೆಸರು ಟಿಪ್ಪು ಕಾಲದ್ದು. ನಿಜ ಹೇಳಬೇಕೆಂದರೆ ಆ ತಳಿಯ ಎತ್ತು ಗಾಡಿಗೆ, ದಂಡಿಗೆ ಹೆಸರಾದದ್ದು. ಹಾಲು ಕೊಡುವುದರಲ್ಲಿ ಅದು ಕೈಬಿಗಿ. ತಟ್ಟೆಯ ಮೇಲಿನ ತುಪ್ಪ ಎಮ್ಮೆಯದ್ದೇ ಇರಬೇಕು.

ರಂಜಾನ್ ಮುಗಿದ ದಿನ ಬೀರೂರು, ಕಡೂರು, ತರೀಕೆರೆಯ ಮುಸ್ಲಿಂ ಮನೆಗಳಲ್ಲಿ ಇದಕ್ಕಿಂತ ಸಣ್ಣ ಎಳೆಯ ಶಾವಿಗೆ ತುಪ್ಪದಲ್ಲಿ ಹುರಿದುಕೊಂಡು, ಹಾಲು, ಖರ್ಜೂರ, ಗೋಡಂಬಿ ಸೇರಿಸಿಕೊಂಡು ಶೀರ್ ಖುರ್ಮಾ ಆಗುತ್ತದೆ. ಅದಕ್ಕೆ ಆಹ್ವಾನ ಬಂದರೆ ಬೇರೆ ಯೋಚನೆ ಮಾಡದೆ ಹೋಗಿ.

ತಳ್ಳುಗಾಡಿಯನ್ನೂ ನೋಡಿ ಬರೋಣ

ಈ ಲೇಖನ ಗಾಡಿಯವರ ಮೇಲಿನ ದೂರಲ್ಲ. ಸಂಜೆ ಆರರ ಮೇಲೆ ಮೂರೂ ಊರಿನಲ್ಲಿ ಅತಿ ಹೆಚ್ಚು ಜನ ನಿಂತು ತಿನ್ನುವ ಎಳೆ ಗಾಡಿಯದ್ದೇ. ಮೊದಲೇ ಬೇಯಿಸಿ ಎಣ್ಣೆ ಸವರಿಟ್ಟ ನೂಡಲ್ಸ್ ಸ್ಟೀಲ್ ಬೇಸಿನ್ನಿನಲ್ಲಿ ಕಾಯುತ್ತಿರುತ್ತದೆ. ಆರ್ಡರ್ ಬಿದ್ದೊಡನೆ ಬಾಣಲೆಗೆ ಎಲೆಕೋಸು, ಕ್ಯಾರೆಟ್, ಸೋಯಾ ಸಾಸ್, ಚಿಟಿಕೆ ಟೇಸ್ಟಿಂಗ್ ಪೌಡರ್, ಬೇಕೆಂದರೆ ಒಂದು ಮೊಟ್ಟೆ. ಹಾಫ್ ಪ್ಲೇಟೋ ಫುಲ್ ಪ್ಲೇಟೋ ಎಂದು ಕೇಳಿ ಮುಗಿಸುವಷ್ಟರಲ್ಲಿ ಕೈಗೆ ತಟ್ಟೆ. ಒತ್ತು ಶಾವಿಗೆಗೆ ಸಾಧ್ಯವಾಗದ ಆ ಕಾಯುವ ಗುಣವೇ ಇದರ ಬಂಡವಾಳ. ಚೀನಾದಿಂದ ನೇರವಾಗಿ ಬಂದ ಅಡುಗೆಯಲ್ಲ ಇದು. ಕೊಲ್ಕತ್ತದ ಚೀನೀ ಮನೆತನಗಳ ಕೈಯಲ್ಲಿ ಭಾರತದ ನಾಲಿಗೆಗೆ ಹೊಂದಿಕೊಂಡು, ಮುಂಬೈ ಬೆಂಗಳೂರಿನ ಹೋಟೆಲು ದಾಟಿ, ಕೊನೆಗೆ ತಾಲ್ಲೂಕು ಕೇಂದ್ರದ ಗಾಡಿಗೆ ಇಳಿದದ್ದು. ಅದೇ ಗಾಡಿಯಲ್ಲಿ ಸಿಗುವ ಮಂಚೂರಿ ಎಂಬುದನ್ನು 1975ರಲ್ಲಿ ಮುಂಬೈನಲ್ಲಿ ಕೋಳಿಮಾಂಸದಿಂದ ಮೊದಲು ಮಾಡಿದವರೆಂದು ಹೆಸರಾದ ನೆಲ್ಸನ್ ವಾಂಗ್ ಕೊಲ್ಕತ್ತದಲ್ಲಿ ಹುಟ್ಟಿದ ಚೀನೀ ಮೂಲದವರು. ಕೋಳಿಯ ಜಾಗಕ್ಕೆ ಹೂಕೋಸು ಬಂದು ಗೋಬಿಯಾಯಿತು. ಕರ್ನಾಟಕದ ಹಳ್ಳಿ ಜಾತ್ರೆಯಲ್ಲೂ ಅದೇ ಈಗ ಕಾರಪುರಿಗೆ ಎದುರಾಳಿ.

ಗಾಡಿಯಲ್ಲಿ ತಿನ್ನುವವರು ಒಂದು ವಿಷಯ ನೆನಪಿಡಬೇಕು. 2024ರ ಮಾರ್ಚ್‌ನಲ್ಲಿ ರಾಜ್ಯದ ಆರೋಗ್ಯ ಇಲಾಖೆ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಅದಕ್ಕೆ ಮುನ್ನ ಪರೀಕ್ಷಿಸಿದ 171 ಮಾದರಿಗಳಲ್ಲಿ 107ರಲ್ಲಿ ಸುರಕ್ಷಿತವಲ್ಲದ ಬಣ್ಣ ಸಿಕ್ಕಿತ್ತು. ತಟ್ಟೆಯಲ್ಲಿರುವುದು ಕುಂಕುಮದಂತೆ ಕೆಂಪಗಿದ್ದರೆ ಮುಂದಿನ ಗಾಡಿಗೆ ಹೋಗುವುದು ಲೇಸು.

ಹಾಗಾದರೆ ಎಲ್ಲಿ?

ಮೊದಲು ಪಂಚಾಂಗ ನೋಡಿ. ಯುಗಾದಿಯ ಆಸುಪಾಸಿನಲ್ಲಿ ಈ ಸೀಮೆಯ ಹಲವು ಮನೆಗಳಲ್ಲಿ ಶಾವಿಗೆ ಇದ್ದೇ ಇರುತ್ತದೆ. ಗೆಳೆಯರೋ ಬಂಧುಗಳೋ ಇದ್ದರೆ ಆ ವಾರ ಅವರ ನೆನಪು ಜಾಸ್ತಿಯಾಗಲಿ. ಮಳೆಗಾಲದಲ್ಲಿ ತರೀಕೆರೆಯ ತೋಟದ ಮನೆಗಳಲ್ಲಿ ಹೊರಗಿನ ಕೆಲಸ ನಿಂತಾಗ ಒರಳು ಅಟ್ಟದಿಂದ ಇಳಿಯುತ್ತದೆ. ಅಳಿಯ ಬಂದ ದಿನ, ಹೆರಿಗೆಗೆ ಬಂದ ಮಗಳು ಕೇಳಿದ ದಿನವೂ ಇಳಿಯುವುದುಂಟು.

ಬಂಧುಗಳಿಲ್ಲದವರಿಗೆ ಕೆಮ್ಮಣ್ಣುಗುಂಡಿಯ ದಾರಿ ಇದೆ. ತರೀಕೆರೆಯಿಂದ ಲಿಂಗದಹಳ್ಳಿ, ಕಲ್ಲತ್ತಿಗಿರಿ ಮೇಲೆ ಹೋಗುವ ಈ ರಸ್ತೆಯ ಬದಿಯ ಹೋಂಸ್ಟೇಗಳಲ್ಲಿ ಅಡುಗೆ ಮಾಡುವವರು ಹೆಚ್ಚಾಗಿ ಆ ಮನೆಯವರೇ. ರೂಮು ಬುಕ್ ಮಾಡುವಾಗಲೇ ‘ಬೆಳಿಗ್ಗೆ ತಿಂಡಿಗೆ ಒತ್ತು ಶಾವಿಗೆ, ಕಾಯಿಹಾಲು ಆಗುತ್ತಾ’ ಎಂದು ಕೇಳಿಬಿಡಿ. ಅಕ್ಕಿ ನೆನೆಯಲು ಒಂದು ರಾತ್ರಿ ಬೇಕು, ಹಾಗಾಗಿ ಬಂದಿಳಿದ ಮೇಲೆ ಕೇಳಿ ಪ್ರಯೋಜನವಿಲ್ಲ. ಆಗುತ್ತೆ ಎಂದರೆ ಬೆಳಿಗ್ಗೆ ಬೇಗ ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ, ಒರಳಿಗೆ ಭಾರ ಹಾಕಲು ನಿಮ್ಮನ್ನೂ ಕರೆದಾರು. ತಿಂದ ಮೇಲೆ ಕಾಲಾಡಿಸಬೇಕು ಎನಿಸಿದರೆ ತರೀಕೆರೆಯ ಇನ್ನೊಂದು ದಿಕ್ಕಿನಲ್ಲಿ ಅಮೃತಾಪುರವಿದೆ. 1196ರಲ್ಲಿ ಹೊಯ್ಸಳ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ ಗುಡಿ, ಅದರ ಹೊರಗೋಡೆಯಲ್ಲಿ ರಾಮಾಯಣ, ಭಾಗವತ, ಭಾರತದ ಕಥೆಗಳು ಕಲ್ಲಿನಲ್ಲಿವೆ. ಕಾಯಿಹಾಲಿನ ಮಂಪರು ಇಳಿಯಲು ಒಂದು ಸುತ್ತು ಸಾಕಾಗುವುದಿಲ್ಲ.

ಕಡೂರಿನಲ್ಲಿ ಅಡುಗೆ ಕಾಂಟ್ರ್ಯಾಕ್ಟ್ ಹಿಡಿಯುವವರನ್ನು ವಿಚಾರಿಸಿ. ನಾಮಕರಣ, ಗೃಹಪ್ರವೇಶಗಳಿಗೆ ಒತ್ತು ಶಾವಿಗೆ ಬೇಕೆಂದು ಹೇಳಿ ಮಾಡಿಸುವವರು ಹೆಚ್ಚುತ್ತಿದ್ದಾರೆ. ಇಪ್ಪತ್ತು ಮೂವತ್ತು ಎಲೆಯ ಆರ್ಡರ್ ಆದರೆ ಅವರೂ ಒಪ್ಪುತ್ತಾರೆ, ಎಲ್ಲರೂ ಒಟ್ಟಿಗೆ ಕೂರುವ ಕಾರಣ ಸರದಿಯ ಸಮಸ್ಯೆಯೂ ಬಗೆಹರಿಯುತ್ತದೆ. ಒಂದೇ ಎಚ್ಚರಿಕೆ: ಹತ್ತು ಗಂಟೆಗೆ ಒತ್ತಿಸಿ ಹಾಟ್‌ಬಾಕ್ಸಿಗೆ ತುಂಬಿ ಒಂದೂವರೆಗೆ ಬಡಿಸಿದರೆ ಅದು ಮುದ್ದೆಯಾಗಿರುತ್ತದೆ. ಒರಳನ್ನೇ ಛತ್ರಕ್ಕೆ ತರಿಸಿ. ಹೋಟೆಲಿನ ಬೋರ್ಡಿನಲ್ಲಿ ‘ಶಾವಿಗೆ ಬಾತ್’ ಎಂದು ಕಂಡರೆ ಅದು ಪೊಟ್ಟಣದ ಒಣ ಶಾವಿಗೆಯ ಉಪ್ಪಿಟ್ಟು. ಹಸಿವಿಗೆ ಆಗುತ್ತದೆ, ಈ ಲೇಖನಕ್ಕೆ ಆಗುವುದಿಲ್ಲ.

ಅಜ್ಜಂಪುರದಿಂದ ಕೈಯಲ್ಲಿ ಹಿಡಿದುಕೊಂಡು ಬರಬಹುದು. ಬೇಸಿಗೆಯ ಕೊನೆಯಲ್ಲಿ ಸ್ತ್ರೀಶಕ್ತಿ ಸಂಘದವರ ಹತ್ತಿರ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಕೈಯಲ್ಲಿ ಒತ್ತಿ ಒಣಗಿಸಿದ ಗೋಧಿ ಶಾವಿಗೆ ಕಟ್ಟುಕಟ್ಟಾಗಿ ಸಿಗುತ್ತದೆ. ಕೊಳ್ಳುವಾಗ ಒಂದು ಎಳೆ ಮುರಿದು ನೋಡಿ, ಟಕ್ಕೆಂದು ಮುರಿಯಬೇಕು. ಬಾಗಿದರೆ ಒಳಗೆ ತೇವ ಉಳಿದಿದೆ, ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ. ಬಣ್ಣ ತೀರಾ ಬೆಳ್ಳಗಿದ್ದರೆ ಮೈದಾ ಜಾಸ್ತಿ ಎಂದರ್ಥ. ಬೇಯಿಸುವಾಗ ನೀರು ಧಾರಾಳವಾಗಿರಲಿ, ಉಕ್ಕಿದೊಡನೆ ಬಸಿದುಬಿಡಿ. ಬಸಿದದ್ದಕ್ಕೆ ಒಂದು ಚಮಚ ತುಪ್ಪ ಸವರಿಟ್ಟರೆ ಹಾಲು ಕಾಯುವವರೆಗೆ ಎಳೆ ಬಿಡಿಬಿಡಿಯಾಗಿಯೇ ಇರುತ್ತದೆ.